ಒಂದು ಯಾವುದು, ಎರಡು ಯಾವುದು? ನಮ್ಮ ನಾಣ್ಯ, ನೋಟುಗಳನ್ನು ಹೇಗೆ ಬದಲಿಸಬೇಕು

ಓದುಗರ ಪ್ರಶ್ನೆ: ಅಂಗಡಿಯಲ್ಲಿ ಚಿಲ್ಲರೆ ಕೊಡುವಾಗ ಒಂದು ರೂಪಾಯಿ ಎಂದುಕೊಂಡು ಎರಡು ರೂಪಾಯಿ ಕೊಟ್ಟುಬಿಡುತ್ತೇನೆ. ನೂರು, ಇನ್ನೂರರ ನೋಟುಗಳಲ್ಲೂ ಕೆಲವೊಮ್ಮೆ ಹೀಗಾಗುತ್ತದೆ. ಇದು ನನ್ನ ಕಣ್ಣಿನ ದೋಷವೋ, ದುಡ್ಡಿನ ದೋಷವೋ? ಹೊಸದಾಗಿ ವಿನ್ಯಾಸ ಮಾಡುವುದಾದರೆ ಏನನ್ನು ಬದಲಿಸಬೇಕು?

ಉತ್ತರ: ನಿಮ್ಮ ಕಣ್ಣನ್ನು ದೂರಬೇಡಿ. ಮನೆಯ ಚಿಲ್ಲರೆ ಡಬ್ಬಿಯಿಂದ 1990ರ ದಶಕದ ಕೊನೆಯ ಸ್ಟೀಲಿನ ಒಂದು ರೂಪಾಯಿ ನಾಣ್ಯವನ್ನೂ 2012ರ ಸುಮಾರಿನ ಎರಡು ರೂಪಾಯಿ ನಾಣ್ಯವನ್ನೂ ಹುಡುಕಿ ತೆಗೆದು, ಒಂದರ ಮೇಲೊಂದು ಇಟ್ಟು ನೋಡಿ. ಅಂಚಿಗೆ ಅಂಚು ಕೂಡುತ್ತದೆ. ಎರಡರ ವ್ಯಾಸವೂ 25 ಮಿ.ಮೀ., ಎರಡರ ತೂಕವೂ 4.85 ಗ್ರಾಂ, ಎರಡೂ ಸ್ಟೇನ್‌ಲೆಸ್ ಸ್ಟೀಲ್. ಒಂದರ ಬೆಲೆ ಇನ್ನೊಂದರ ಎರಡರಷ್ಟು ಎಂಬುದನ್ನು ಬೆರಳು ತಿಳಿಯುವ ದಾರಿಯೇ ಇಲ್ಲ. ಬೆಳಕಿಗೆ ಹಿಡಿದು ಅಂಕಿಯನ್ನು ಓದಬೇಕು.

ಹೀಗಾದದ್ದು ಒಂದೇ ಬಾರಿಯಲ್ಲ. 25 ಮಿ.ಮೀ. ಎಂಬ ಅಳತೆ 1992ರಿಂದ 2010ರ ತನಕ ಒಂದು ರೂಪಾಯಿಗೆ ಸೇರಿತ್ತು. 2011ರ ಸರಣಿಯಲ್ಲಿ ಅದು ಎರಡು ರೂಪಾಯಿಯ ಪಾಲಾಯಿತು. 2019ರ ಸರಣಿಯಲ್ಲಿ ಅದೇ ಅಳತೆಯನ್ನು ಐದು ರೂಪಾಯಿಗೆ ಕೊಡಲಾಯಿತು. ದೀರ್ಘಕಾಲ ಐದು ರೂಪಾಯಿಯದಾಗಿದ್ದ 23 ಮಿ.ಮೀ. ಈಗ ಎರಡು ರೂಪಾಯಿಗೆ ಬಂದಿದೆ. ಒಂದು ರೂಪಾಯಿಯಂತೂ 25ರಿಂದ 22ಕ್ಕೆ, ಅಲ್ಲಿಂದ 20ಕ್ಕೆ ಕುಗ್ಗಿದೆ. ಹಳೆಯ ಸರಣಿಗಳಲ್ಲಿ ಯಾವುದನ್ನೂ ಹಿಂದಕ್ಕೆ ಪಡೆಯದ ಕಾರಣ, ಇವೆಲ್ಲವೂ ಇಂದು ಒಂದೇ ಜೇಬಿನಲ್ಲಿ, ಒಂದೇ ಕಂಡಕ್ಟರ್ ಚೀಲದಲ್ಲಿ ಓಡಾಡುತ್ತಿವೆ. ಪ್ರತಿ ಸರಣಿಯನ್ನೂ ಬೇರೆಯಾಗಿ ನೋಡಿದರೆ ಅದರೊಳಗೆ ಒಂದು ಕ್ರಮವಿದೆ. 2019ರ ಸರಣಿಯನ್ನು ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ನೆರವಿನಿಂದ, ದೃಷ್ಟಿ ಇಲ್ಲದವರನ್ನೂ ಮನಸ್ಸಿನಲ್ಲಿಟ್ಟುಕೊಂಡೇ ರೂಪಿಸಲಾಗಿದೆ. ಅಲ್ಲಿ ಹತ್ತು ರೂಪಾಯಿಯ ತನಕ ಬೆಲೆ ಏರಿದಂತೆ ಗಾತ್ರವೂ ತೂಕವೂ ಏರುತ್ತವೆ. ಆದರೆ ಆ ಕ್ರಮ ಫಲಿಸಬೇಕಾದರೆ ಜನರ ಕೈಯಲ್ಲಿ ಆ ಒಂದು ಸರಣಿ ಮಾತ್ರ ಇರಬೇಕಿತ್ತು.

ಗಾತ್ರ ಕುಗ್ಗಿದ್ದಕ್ಕೆ ಸಕಾರಣವಿದೆ. ಲೋಹದ ಬೆಲೆ ನಾಣ್ಯದ ಮುಖಬೆಲೆಯನ್ನು ಮೀರತೊಡಗಿದರೆ ಜನ ನಾಣ್ಯವನ್ನು ಕರಗಿಸುತ್ತಾರೆ. ಆದ್ದರಿಂದಲೇ ತಾಮ್ರ ಮತ್ತು ನಿಕ್ಕಲ್ ಬೆರೆತ ಭಾರವಾದ ಬಿಲ್ಲೆಗಳು ಹೋಗಿ ಸ್ಟೀಲ್ ಬಂತು. ತೂಕವನ್ನು ಇಳಿಸುವುದು ಅನಿವಾರ್ಯವಿರಬಹುದು, ಒಪ್ಪೋಣ. ಆಕಾರವನ್ನು ಬಿಟ್ಟುಕೊಡುವುದು ಮಾತ್ರ ಅನಿವಾರ್ಯವಾಗಿರಲಿಲ್ಲ. ಚೌಕಾಕಾರದ ಐದು ಪೈಸೆ, ಹೂವಿನ ಎಸಳಿನಂತೆ ಅಂಚುಳ್ಳ ಹತ್ತು ಪೈಸೆ, ಆರು ಮೂಲೆಯ ಇಪ್ಪತ್ತು ಪೈಸೆ: ನಮ್ಮಲ್ಲಿ ಐವತ್ತು ದಾಟಿದವರ ಬೆರಳುಗಳಿಗೆ ಇವುಗಳ ನೆನಪು ಇನ್ನೂ ಇದೆ. ಅಕ್ಷರ ಬಾರದವರೂ ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲದೊಳಕ್ಕೆ ಕೈ ಹಾಕಿ, ನೋಡದೆಯೇ ಸರಿಯಾದ ಪೈಸೆಯನ್ನು ತೆಗೆಯುತ್ತಿದ್ದರು. 1990ರ ದಶಕದ ಎರಡು ರೂಪಾಯಿಗೂ ಹನ್ನೊಂದು ಮೂಲೆಗಳಿದ್ದವು. ಅದನ್ನು ದುಂಡಗೆ ಮಾಡಿದ ದಿನವೇ ನೀವು ಹೇಳುವ ತೊಂದರೆ ಶುರುವಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಲೆಗಳಿದ್ದರೆ ಯಂತ್ರಗಳಲ್ಲಿ ನಾಣ್ಯ ಸರಾಗವಾಗಿ ಉರುಳುವುದಿಲ್ಲ ಎಂಬ ಆಕ್ಷೇಪ ಬರುವುದುಂಟು. ಇದಕ್ಕೆ ಬ್ರಿಟನ್ 1969ರಲ್ಲಿಯೇ ಉತ್ತರ ಕಂಡುಕೊಂಡಿತು. ಅಲ್ಲಿನ 50 ಪೆನ್ನಿಗೆ ಏಳು ಬದಿಗಳಿವೆ. ಪ್ರತಿ ಬದಿಯನ್ನೂ ಹೊರಕ್ಕೆ ತುಸು ಬಾಗಿಸಿರುವುದರಿಂದ ಯಾವ ದಿಕ್ಕಿನಿಂದ ಅಳೆದರೂ ನಾಣ್ಯದ ಅಗಲ ಒಂದೇ. ಹಾಗಾಗಿ ಯಂತ್ರಕ್ಕೆ ಅದು ದುಂಡು ನಾಣ್ಯದಂತೆಯೇ, ಕೈಗೆ ಮಾತ್ರ ಬೇರೆ. ನಮ್ಮ ಇಪ್ಪತ್ತು ರೂಪಾಯಿಯ ಹನ್ನೆರಡು ಮೂಲೆಯ ನಾಣ್ಯವೂ ಒಳ್ಳೆಯ ಹೆಜ್ಜೆ. ಅದೂ ಹತ್ತು ರೂಪಾಯಿ ನಾಣ್ಯವೂ 27 ಮಿ.ಮೀ. ಅಗಲದವು, ಎರಡೂ ಎರಡೆರಡು ಲೋಹದವು. ಆದರೂ ಬೆರಳು ಮೋಸಹೋಗುವುದಿಲ್ಲ, ಮೂಲೆಗಳು ತಿಳಿಸಿಬಿಡುತ್ತವೆ.

ಹತ್ತು ರೂಪಾಯಿ ನಾಣ್ಯದ ಕಥೆಯನ್ನೂ ಇಲ್ಲಿಯೇ ಹೇಳಬೇಕು. ಅದನ್ನು ನಕಲಿಯೆಂದು ಶಂಕಿಸಿ ಅಂಗಡಿಯವರು ನಿರಾಕರಿಸತೊಡಗಿದಾಗ, ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಸ್ಪಷ್ಟನೆ ಕೊಡಬೇಕಾಯಿತು: ಅಲ್ಲಿಯವರೆಗೆ ಹೊರಬಂದಿದ್ದ 14 ವಿನ್ಯಾಸಗಳೂ ಅಸಲಿ, ಎಲ್ಲವೂ ಚಲಾವಣೆಗೆ ಅರ್ಹ. ಒಂದೇ ಬೆಲೆಗೆ ಹದಿನಾಲ್ಕು ಮುಖಗಳಿದ್ದರೆ ಸಂಶಯಪಟ್ಟವರನ್ನು ತಪ್ಪೆನ್ನಲು ನನಗೆ ಮನಸ್ಸಾಗುವುದಿಲ್ಲ. ಸ್ಮರಣಾರ್ಥ ನಾಣ್ಯಗಳು ಸಂಗ್ರಾಹಕರಿಗಾಗಿ ಬೇರೆಯಾಗಿ ಬರಲಿ. ದಿನಬಳಕೆಯ ನಾಣ್ಯಕ್ಕೆ ಒಂದೇ ಮುಖ ಸಾಕು.

ಇನ್ನು ನೋಟುಗಳು. ಹೊಸ ಸರಣಿಯ ನೂರು, ಇನ್ನೂರು, ಐನೂರು ಮೂರರ ಅಗಲವೂ 66 ಮಿ.ಮೀ.; ಉದ್ದ ಕ್ರಮವಾಗಿ 142, 146, 150. ಒಂದಕ್ಕೂ ಇನ್ನೊಂದಕ್ಕೂ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ. ಹಿಂದಿನ ಸರಣಿಯಲ್ಲಿ ನೂರಕ್ಕೂ ಐನೂರಕ್ಕೂ ಹತ್ತು ಮಿ.ಮೀ. ಅಂತರವಿತ್ತು. ಇನ್ನೂ ಚಲಾವಣೆಯಲ್ಲಿರುವ ಹಳೆಯ ನೂರರ ನೋಟು 157 ಮಿ.ಮೀ. ಉದ್ದವಿದ್ದು, ಹೊಸ ಐನೂರಕ್ಕಿಂತಲೂ ದೊಡ್ಡದು. ದೃಷ್ಟಿಯಿಲ್ಲದ ನನ್ನ ಸ್ನೇಹಿತರೊಬ್ಬರು ನೋಟನ್ನು ತೋರುಬೆರಳು ಮತ್ತು ನಡುಬೆರಳಿನ ಸಂದಿಗೆ ಸೇರಿಸಿ, ತುದಿ ಎಲ್ಲಿಗೆ ಬರುತ್ತದೆಂದು ಅಳೆಯುತ್ತಿದ್ದರು. 2016ರ ನಂತರ ಆ ಅಳತೆ ಕೆಟ್ಟುಹೋಯಿತು. ಈಗ ಯಾರಾದರೂ ನೋಟು ಕೊಟ್ಟರೆ ಅವರು ಮೊದಲು ಕೇಳುವುದು, "ಹಳೇದಾ, ಹೊಸದಾ?" ಎಂದು.

ನೂರು ಮತ್ತು ಅದಕ್ಕೆ ಮೇಲಿನ ನೋಟುಗಳ ಅಂಚಿನಲ್ಲಿ ಉಬ್ಬು ಗೆರೆಗಳಿವೆ ನಿಜ. ನೂರರಲ್ಲಿ ನಾಲ್ಕು, ಇನ್ನೂರರಲ್ಲೂ ನಾಲ್ಕೇ, ನಡುವೆ ಎರಡು ಪುಟ್ಟ ವೃತ್ತಗಳು, ಐನೂರರಲ್ಲಿ ಐದು. ಗರಿಗರಿ ನೋಟಿನಲ್ಲಿ ಇವು ತಿಳಿಯಬಹುದು, ಆದರೆ ಹತ್ತಾರು ಕೈ ದಾಟಿ ಮೆತ್ತಗಾದ ನೋಟಿನಲ್ಲಿ ನಾಲ್ಕನ್ನೂ ಐದನ್ನೂ ಬೆರಳಿನಿಂದ ಎಣಿಸುವುದು ಕಷ್ಟ. ಆಸ್ಟ್ರೇಲಿಯಾದಲ್ಲಿ ಅಂಧ ಬಾಲಕನೊಬ್ಬ ಆರಂಭಿಸಿದ ಅಭಿಯಾನದ ನಂತರ, 2016ರಿಂದ ಪಾಲಿಮರ್ ನೋಟುಗಳ ಅಂಚಿಗೆ ಉಬ್ಬು ಚುಕ್ಕೆಗಳು ಬಂದವು: ಐದು ಡಾಲರಿಗೆ ಒಂದು, ಹತ್ತಕ್ಕೆ ಎರಡು, ಹೀಗೆ ನೂರು ಡಾಲರಿಗೆ ಐದು. ಮಗುವಿಗೂ ಒಂದೇ ಸಲಕ್ಕೆ ಕಲಿಸಬಹುದಾದ ಲೆಕ್ಕ. ಸ್ವಿಟ್ಜರ್ಲೆಂಡಿನವರು ನಮ್ಮಂತೆಯೇ ಎಲ್ಲ ನೋಟುಗಳಿಗೂ ಒಂದೇ ಅಗಲ ಇಟ್ಟರೂ, ಪ್ರತಿ ಮೆಟ್ಟಿಲಿಗೂ ಏಳು ಮಿ.ಮೀ. ಉದ್ದ ಕೂಡಿಸಿದ್ದಾರೆ. ನೋಟನ್ನು ಗುರುತಿಸಿ ಗಟ್ಟಿಯಾಗಿ ಹೇಳುವ 'ಮಣಿ' ಎಂಬ ಮೊಬೈಲ್ ಆ್ಯಪನ್ನು ರಿಸರ್ವ್ ಬ್ಯಾಂಕ್ 2020ರಲ್ಲಿ ತಂದದ್ದು ಉಪಕಾರವೇ. ಆದರೂ ತನ್ನ ಕೈಯಲ್ಲಿರುವ ದುಡ್ಡು ಎಷ್ಟೆಂದು ತಿಳಿಯಲು ಮನುಷ್ಯನಿಗೆ ಫೋನ್ ಬೇಕಾಗಬಾರದು.

ನೋಟಿನ ಬಗ್ಗೆ ಮಾತು ಬಂದಾಗಲೆಲ್ಲ ಯಾರ ಚಿತ್ರ ಇರಬೇಕೆಂಬ ವಾದವೇ ಮೇಲೇಳುತ್ತದೆ. ಹಂಪಿಯ ಕಲ್ಲಿನ ರಥ ಐವತ್ತರ ನೋಟಿನ ಮೇಲಿರುವುದು ನನಗೂ ಸಂತೋಷದ ಸಂಗತಿಯೇ. ಆದರೆ ಚಿತ್ರಕ್ಕಿಂತ ಲಿಪಿಯ ಪ್ರಶ್ನೆ ದೊಡ್ಡದು. ನೋಟಿನ ಹಿಂಬದಿಯ ಪಟ್ಟಿಯಲ್ಲಿ ಹದಿನೈದು ಭಾಷೆಗಳಿವೆ, ನಾಲ್ಕನೆಯ ಸಾಲು ಕನ್ನಡದ್ದು. ಅದನ್ನು ಓದಲು ಚಾಳೀಸು ಬೇಕು. ನಾಣ್ಯದಲ್ಲಂತೂ ಹಿಂದಿ, ಇಂಗ್ಲಿಷ್ ಮಾತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ಬಿಲ್ಲೆಯಲ್ಲಿ ಕನ್ನಡ, ಇಂಗ್ಲಿಷ್, ಪರ್ಶಿಯನ್ ಮೂರಕ್ಕೂ ಜಾಗ ಸಿಕ್ಕಿತ್ತು.

ಹಾಗಾದರೆ ನನ್ನ ಸಲಹೆ ಏನು? ಮೊದಲು ಅಳತೆಯನ್ನು ಗಟ್ಟಿ ಮಾಡಬೇಕು. ಒಂದು ಬೆಲೆಗೆ ಕೊಟ್ಟ ಗಾತ್ರವನ್ನು, ಹಳೆಯ ನಾಣ್ಯ ಜನರ ಕೈಯಲ್ಲಿ ಉಳಿದಿರುವ ತನಕ, ಇನ್ನೊಂದು ಬೆಲೆಗೆ ಕೊಡಕೂಡದು. ಎರಡು ರೂಪಾಯಿಗೆ ಅದರ ಮೂಲೆಗಳನ್ನು ಮರಳಿಸಬೇಕು. 2005ಕ್ಕಿಂತ ಮೊದಲಿನ ನೋಟುಗಳನ್ನು 2014ರಿಂದ ಬ್ಯಾಂಕುಗಳ ಮೂಲಕ ನಿಧಾನವಾಗಿ ಹಿಂಪಡೆದಂತೆ, ಗೊಂದಲ ಹುಟ್ಟಿಸುವ ಹಳೆಯ ನಾಣ್ಯಗಳನ್ನೂ ಯಾರಿಗೂ ನಷ್ಟವಾಗದ ಹಾಗೆ ಹಿಂಪಡೆಯಬೇಕು. ನಾಣ್ಯದ ವಿನ್ಯಾಸವನ್ನು 2011ರ ನಾಣ್ಯ ಕಾಯ್ದೆಯಡಿ ಕೇಂದ್ರ ಸರ್ಕಾರ ನಿರ್ಧರಿಸುತ್ತದೆ; ನೋಟಿನದನ್ನು ರಿಸರ್ವ್ ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಿದ ಮೇಲೆ ಅದೇ ಸರ್ಕಾರ ಒಪ್ಪುತ್ತದೆ. ಆ ಒಪ್ಪಿಗೆಗೆ ಮುನ್ನ ಮಾದರಿಗಳನ್ನು ಒಂದು ಬಟ್ಟೆಯ ಚೀಲದಲ್ಲಿ ಹಾಕಿ, ಬಸ್ ಕಂಡಕ್ಟರುಗಳು, ಸಂತೆಯಲ್ಲಿ ಸೊಪ್ಪು ಮಾರುವವರು ಮತ್ತು ಅಂಧರ ಕೈಗೆ ಕೊಟ್ಟು, ನೋಡದೆ ಎರಡು ರೂಪಾಯಿ ತೆಗೆಯಿರಿ ಎಂದು ಕೇಳಬೇಕು. ಅವರು ತಡವರಿಸಿದರೆ ಮಾದರಿ ಟಂಕಸಾಲೆಗೆ ಹೋಗದೆ ವಿನ್ಯಾಸಕಾರರ ಮೇಜಿಗೆ ಹಿಂದಿರುಗಲಿ.