ಬೋಲ್ಕೆ ಬರೆದ ಎಂಟು ರೂಲ್ಸು, ಅವನು ಸರಿಯಾಗಿ ಕಟ್ಟಿಕೊಳ್ಳದ ಬೆಲ್ಟು

ಮೊದಲನೇ ಮಹಾಯುದ್ಧದ ಜರ್ಮನ್ ಪೈಲಟ್ ಅಂದ್ರೆ ಎಲ್ರಿಗೂ ನೆನಪಾಗೋದು ಕೆಂಪು ವಿಮಾನದ ರಿಕ್ಟ್‌ಹೋಫೆನ್, 80 ವಿಮಾನ ಉರುಳಿಸಿದವನು. ನಾನು ಫ್ಲೈಯಿಂಗ್ ಕಲಿಸೋ ಕೆಲಸದಲ್ಲಿರೋನು, ಹೊಸ ಬ್ಯಾಚ್ ಬಂದಾಗ ಹೇಳೋದು ಮಾತ್ರ ಅವನ ಗುರು ಓಸ್ವಾಲ್ಡ್ ಬೋಲ್ಕೆ ವಿಷಯ. 40 ವಿಮಾನ ಉರುಳಿಸಿದ, 25ನೇ ವಯಸ್ಸಿಗೇ ತೀರಿಕೊಂಡ, ಆದ್ರೆ ನನಗೆ ಅವನು ದೊಡ್ಡವನು ಅನ್ಸೋದು ಆ 40ರಿಂದ ಅಲ್ಲ, ತಾನು ಮೇಲೆ ಮಾಡ್ತಿದ್ದದ್ದನ್ನ ಕೆಳಗಿಳಿದು ಇನ್ನೊಬ್ಬರಿಗೆ ಅರ್ಥ ಆಗೋ ಹಾಗೆ ಹೇಳಿಕೊಟ್ಟನಲ್ಲ, ಅದರಿಂದ.

ಯುದ್ಧ ಶುರುವಾದಾಗ ವಿಮಾನ ಇದ್ದದ್ದು ಶತ್ರು ಎಲ್ಲಿದ್ದಾನೆ ಅಂತ ನೋಡ್ಕೊಂಡು ಬರೋಕೆ, ಫಿರಂಗಿಯವರಿಗೆ ಗುರಿ ಹೇಳೋಕೆ ಅಷ್ಟೇ. 1915ರ ಬೇಸಿಗೇಲಿ ಫೋಕರ್ ವಿಮಾನಕ್ಕೆ ಪ್ರೊಪೆಲ್ಲರ್ ರೆಕ್ಕೆಗಳ ಸಂದಿಯಿಂದಲೇ ಗುಂಡು ಹಾರಿಸೋ ಮೆಷಿನ್ ಗನ್ ಬಂತು ನೋಡಿ, ಅಲ್ಲಿಂದ ಇಡೀ ವಿಮಾನವೇ ಒಂದು ಬಂದೂಕು ಆಯ್ತು, ಮೂತಿ ಎತ್ತ ತಿರುಗಿಸ್ತೀಯೋ ಅತ್ತ ಹೊಡಿಬಹುದು. ಫ್ರಾನ್ಸಿನ ದೂಯೆ ಊರಲ್ಲಿ ಬೋಲ್ಕೆ, ಮ್ಯಾಕ್ಸ್ ಇಮ್ಮೆಲ್ಮನ್ ಇಬ್ರೂ ಒಂದೇ ಯೂನಿಟ್ಟಲ್ಲಿ ಇದನ್ನ ಹಾರಿಸ್ತಾ ಕಲಿತ್ರು. ಹೇಳಿಕೊಡೋರು ಯಾರೂ ಇರ್ಲಿಲ್ಲ, ಯಾಕಂದ್ರೆ ಈ ವಿದ್ಯೆ ಅದಕ್ಕೆ ಮುಂಚೆ ಇರಲೇ ಇಲ್ಲ. 1916ರ ಜನವರಿ 12ಕ್ಕೆ ಇಬ್ರಿಗೂ ಒಟ್ಟಿಗೆ ಪೂರ್ ಲ ಮೆರಿಟ್ ಅನ್ನೋ ದೊಡ್ಡ ಸೇನಾ ಪದಕ, ಜೂನ್‌ನಲ್ಲಿ ಇಮ್ಮೆಲ್ಮನ್ ಸತ್ತ, ಇನ್ನೊಬ್ಬ ಹೀರೋನೂ ಹೋದ್ರೆ ಜನರ ಧೈರ್ಯ ಕುಸಿಯುತ್ತೆ ಅಂತ ಮೇಲಿನವರು ಬೋಲ್ಕೆಯನ್ನ ಹಾರಾಟದಿಂದಲೇ ಇಳಿಸಿ ಬಾಲ್ಕನ್ ಕಡೆ ಪ್ರವಾಸಕ್ಕೆ ಕಳಿಸಿದ್ರು.

ಆ ಹೊತ್ತಲ್ಲಿ ಬರೆದಿಟ್ಟದ್ದೇ ಡಿಕ್ಟಾ ಬೋಲ್ಕೆ, ಎಂಟು ರೂಲ್ಸು. ಸೂರ್ಯನ್ನ ಬೆನ್ನಿಗೆ ಇಟ್ಕೊಂಡು ಬಾ, ಎದುರಿನವನಿಗೆ ಕಣ್ಣು ಕುಕ್ಕುತ್ತೆ, ನೀನು ಕಾಣಲ್ಲ. ತೀರ ಹತ್ತಿರ ಹೋದ್ಮೇಲೇ ಗುಂಡು ಬಿಡು, ದೂರದಿಂದ ಬಿಟ್ರೆ ಗುಂಡು ದಂಡ, ಜೊತೆಗೆ ನೀನು ಬಂದಿದೀಯ ಅಂತ ನೀನೇ ಹೇಳಿದ ಹಾಗೆ. ಶುರು ಮಾಡಿದ ಅಟ್ಯಾಕನ್ನ ಅರ್ಧಕ್ಕೆ ಬಿಡಬೇಡ. ನಿನ್ನ ಮೇಲೆ ಯಾರಾದ್ರೂ ಎರಗಿದ್ರೆ ಓಡಬೇಡ, ಅವನ ಕಡೆಗೇ ತಿರುಗು. ಈ ಕೊನೇದನ್ನ ಹೊಸಬರಿಗೆ ಒಪ್ಪಿಸೋದು ಬಹಳ ಕಷ್ಟ, ಭಯ ಆದಾಗ ಕೈ ತಾನಾಗೇ ವಿಮಾನ ತಿರುಗಿಸೋ ಸ್ಟಿಕ್ಕನ್ನ ಶತ್ರುವಿನಿಂದ ದೂರಕ್ಕೆ ತಿರುಗಿಸುತ್ತೆ, ಆದ್ರೆ ಓಡೋನು ತನ್ನ ಬಾಲವನ್ನ ಶತ್ರುವಿನ ಗನ್ನಿಗೆ ಒಪ್ಪಿಸ್ತಾನೆ, ಇದು ಇವತ್ತಿಗೂ ಬದಲಾಗಿಲ್ಲ. ಶತ್ರುವಿನ ಪ್ರದೇಶದ ಮೇಲೆ ಹಾರ್ತಿದ್ದಾಗ ವಾಪಸ್ ಬರೋ ದಾರಿ ಮರೀಬೇಡ ಅಂತಲೂ ಒಂದಿದೆ, ಎಂಜಿನ್ ಕೈಕೊಟ್ರೆ ತೇಲ್ಕೊಂಡಾದ್ರೂ ನಮ್ಮ ಕಡೆ ಇಳೀಬೇಕಲ್ಲ. ಎಂಟನೇದು ಒಬ್ಬೊಬ್ಬರಿಗಲ್ಲ, ಇಡೀ ತಂಡಕ್ಕೆ: ನಾಲ್ಕೋ ಆರೋ ಜನ ಸೇರಿ ಎರಗಿ, ಆಮೇಲೆ ಚದುರಿ ಒಬ್ಬೊಬ್ಬರೇ ಕಾದಾಡೋ ಹೊತ್ತಲ್ಲಿ ಒಬ್ಬನ ಹಿಂದೆಯೇ ಹಲವರು ಬೀಳಬೇಡಿ.

ವಾಪಸ್ ಕರೆಸಿ ಯಾಸ್ಟಾ 2 ಅನ್ನೋ ಸ್ಕ್ವಾಡ್ರನ್ ಕೊಟ್ಟಾಗ ರಿಕ್ಟ್‌ಹೋಫೆನ್‌ನ ಆರಿಸಿದ್ದೂ ಅವನೇ, 37 ವರ್ಷದ ಎರ್ವಿನ್ ಬೋಮೆನ ಆರಿಸಿದ್ದೂ ಅವನೇ. ಹೊಸ ಆಲ್ಬಟ್ರೋಸ್ ವಿಮಾನಗಳು ಬರೋವರೆಗೂ ಹುಡುಗರನ್ನ ಯುದ್ಧಕ್ಕೆ ಬಿಡದೆ ತಾನೊಬ್ಬನೇ ಹೋಗಿ ಕಾದಾಡಿ ಬಂದು ಏನಾಯ್ತು ಯಾಕಾಯ್ತು ಅಂತ ಬಿಡಿಸಿ ಹೇಳ್ತಿದ್ದ, ಸಿಕ್ಕಿಬಿದ್ದ ಬ್ರಿಟಿಷ್ ವಿಮಾನ ತೋರಿಸಿ ಇದರ ಬ್ಲೈಂಡ್ ಸ್ಪಾಟ್ ಎಲ್ಲಿದೆ ಅಂತ ಕಲಿಸ್ತಿದ್ದ. ನಾವು ಇವತ್ತು ಡಿಬ್ರೀಫಿಂಗ್ ಅಂತ ಗಂಟೆಗಟ್ಟಲೆ ಮಾಡೋದು ಇದನ್ನೇ. ಸೆಪ್ಟೆಂಬರ್ 17ಕ್ಕೆ ತಂಡ ಕಟ್ಕೊಂಡು ಹೊರಟ, ರಿಕ್ಟ್‌ಹೋಫೆನ್‌ನ ಮೊದಲ ಗೆಲುವು ಅವತ್ತೇ.

ಅಕ್ಟೋಬರ್ 28. ಬೋಲ್ಕೆ, ಬೋಮೆ ಇಬ್ರೂ ಒಂದೇ ಬ್ರಿಟಿಷ್ ವಿಮಾನದ ಹಿಂದೆ ಬಿದ್ದಿದ್ರು, ರಿಕ್ಟ್‌ಹೋಫೆನ್ ಅಟ್ಟಿಸ್ಕೊಂಡು ಬಂದ ಇನ್ನೊಂದು ವಿಮಾನ ಅಡ್ಡ ಬಂತು, ತಪ್ಪಿಸ್ಕೊಳ್ಳೋಕೆ ಇಬ್ರೂ ವಾಲಿಸಿದಾಗ ರೆಕ್ಕೆಗಳೇ ಕಣ್ಣಿಗೆ ಅಡ್ಡವಾಗಿ ಒಂದು ಕ್ಷಣ ಒಬ್ಬರಿಗೊಬ್ರು ಕಾಣ್ಲಿಲ್ಲ. ಬೋಮೆಯ ಚಕ್ರ ಬೋಲ್ಕೆಯ ಮೇಲಿನ ರೆಕ್ಕೆಗೆ ತಾಗಿತು, ಅಷ್ಟೇ. ರೆಕ್ಕೆ ಹೋದ್ರೂ ಬೋಲ್ಕೆ ವಿಮಾನವನ್ನ ನೆಲದ ತನಕ ತಂದ, ಬಿದ್ದ ಪೆಟ್ಟು ಬದುಕುಳಿಯಬಹುದಾದಷ್ಟೇ ಇತ್ತು ಅಂತ ಹೇಳ್ತಾರೆ, ಆದ್ರೆ ತಲೆಗೆ ಹೆಲ್ಮೆಟ್ ಇರ್ಲಿಲ್ಲ, ಬೆಲ್ಟ್ ಸರಿಯಾಗಿ ಕಟ್ಟಿರ್ಲಿಲ್ಲ. ಬ್ರಿಟಿಷರು ತಮ್ಮ ಧೀರ ಎದುರಾಳಿಗೆ ಅಂತ ಬರೆದು ಆಕಾಶದಿಂದ ಹೂವಿನ ಹಾರ ಬೀಳಿಸಿ ಹೋದ್ರು.

ತಪ್ಪು ಬೋಮೆದಾ ಸಾರ್ ಅಂತ ಹುಡುಗರು ಕೇಳ್ತಾರೆ. ಅಲ್ಲ. ಎಂಟನೇ ರೂಲ್ ಬರೆದವನೇ ಆ ಜಗಳದ ಬಿಸೀಲಿ ಒಂದೇ ಗುರಿ ಹಿಂದೆ ಇಬ್ಬರಲ್ಲೊಬ್ಬ ಆದ ಅಂದ್ರೆ, ಗೊತ್ತಿದ್ರೆ ಸಾಲದು, ಪ್ರತಿ ಸಲ ಹಾರೋ ಮುಂಚೆ ಯಾರ ಗುರಿ ಯಾವುದು ಅಂತ ನೆಲದ ಮೇಲೇ ಹಂಚ್ಕೋಬೇಕು. ಅವರ ಹತ್ರ ರೇಡಿಯೋ ಇರ್ಲಿಲ್ಲ. ನಮ್ಮ ಹತ್ರ ಇದೆ, ಜೊತೆಗಾರ ಕಣ್ಣಿಂದ ಮರೆಯಾದ ತಕ್ಷಣ ‘ಬ್ಲೈಂಡ್’ ಅಂತ ಕೂಗಬೇಕು, ಮೊದಲೇ ಮಾತಾಡ್ಕೊಂಡ ಹಾಗೆ ಒಬ್ಬ ಮೇಲೆ ಒಬ್ಬ ಕೆಳಗೆ ಬೇರೆಯಾಗಬೇಕು. ನಾಚಿಕೆ ಪಟ್ಕೊಂಡು ಎರಡು ಸೆಕೆಂಡ್ ತಡ ಮಾಡೋ ಸ್ಟೂಡೆಂಟನ್ನ ನಾನು ಮುಂದಿನ ಹಾರಾಟಕ್ಕೆ ಬಿಡಲ್ಲ, ಅವನು ಉಳಿದದ್ದರಲ್ಲಿ ಎಷ್ಟೇ ಚುರುಕಾಗಿದ್ರೂ ಸರಿ.