ಲೂಯಿಸ್ ಗೊನ್ಜಾಗಾ ಸಂಕಲನದಲ್ಲಿ ನಾನು ಮೊದಲು ಹುಡುಕುವುದು ಟ್ರಯಾಂಗಲ್

ಹಳೆಯ ಕಲಾವಿದರ ಸಂಕಲನ ಕೈಗೆ ಬಂದರೆ ಹೆಚ್ಚಿನವರು ಹಾಡುಗಳ ಪಟ್ಟಿ ನೋಡುತ್ತಾರೆ. ಗ್ರಾಮಫೋನ್ ಪ್ಲೇಟುಗಳ ಧ್ವನಿಯನ್ನು ಡಿಜಿಟಲ್‌ಗೆ ಇಳಿಸಿ ಶುಚಿ ಮಾಡುವುದೇ ಕಸುಬಾದ ನನ್ನಂಥವರು ಹುಡುಕುವುದು ಬೇರೆ. ಯಾವ ಮುದ್ರಣದಿಂದ ಎತ್ತಿದ್ದಾರೆ, ಎಷ್ಟು ಉಜ್ಜಿದ್ದಾರೆ? ಬ್ರೆಜಿಲ್‌ನ ಹಾಡುಗಾರ, ಅಕಾರ್ಡಿಯನ್ ವಾದಕ ಲೂಯಿಸ್ ಗೊನ್ಜಾಗಾ ಅವರ ವಿಷಯದಲ್ಲಿ ಈ ಉಜ್ಜುವಿಕೆಯ ಪ್ರಶ್ನೆಗೆ ತೂಕ ಜಾಸ್ತಿ. ಕಾರಣ ಅವರು ಆರಿಸಿಕೊಂಡ ವಾದ್ಯಗಳಲ್ಲೇ ಇದೆ.

ಗೊನ್ಜಾಗಾ ಹುಟ್ಟಿದ್ದು 1912ರ ಡಿಸೆಂಬರ್ 13ರಂದು, ಪೆರ್ನಾಂಬುಕೋ ರಾಜ್ಯದ ಎಶೂ ಎಂಬ ಊರಿನಲ್ಲಿ. ಅದು ಈಶಾನ್ಯ ಬ್ರೆಜಿಲ್‌ನ ಒಳನಾಡು, ಮಳೆ ಕೈಕೊಟ್ಟರೆ ಊರಿಗೆ ಊರೇ ಗುಳೆ ಹೋಗುವ ಸೆರ್ತಾಂವ್ ಸೀಮೆ. ಅಪ್ಪ ಜನುವಾರಿಯೊ ಹೊಲದ ಕೆಲಸದ ಜೊತೆಗೆ ಅಕಾರ್ಡಿಯನ್ ರಿಪೇರಿ ಮಾಡುತ್ತಿದ್ದವರು, ಒಳ್ಳೆಯ ವಾದಕರೂ ಹೌದು. ಮಗ 1930ರಲ್ಲಿ ಮನೆಬಿಟ್ಟು ಸೇನೆ ಸೇರಿ, 1939ರಲ್ಲಿ ಹೊರಬಿದ್ದು ರಿಯೊದ ಬಾರುಗಳಲ್ಲಿ ಟ್ಯಾಂಗೊ, ವಾಲ್ಟ್ಜ್, ಫಾಕ್ಸ್‌ಟ್ರಾಟ್ ನುಡಿಸಿ ಹೊಟ್ಟೆ ಹೊರೆದರು. ಸೆಯಾರಾ ರಾಜ್ಯದಿಂದ ಓದಲು ಬಂದಿದ್ದ ಹುಡುಗರು ನಮ್ಮ ಕಡೆಯದ್ದು ಏನಾದರೂ ನುಡಿಸಿ ಎಂದು ಪಟ್ಟು ಹಿಡಿದ ಮೇಲೆಯೇ ಅವರು ಅಪ್ಪನ ವರಸೆಗಳಿಗೆ ಮರಳಿದ್ದು. ಹಾಗೆ ಹೊರಬಂದ ‘ವೀರಾ ಇ ಮೇಶಿ’ ಎಂಬ ವಾದ್ಯಕೃತಿ ಸಂಗೀತ ಸಂಯೋಜಕ ಆರಿ ಬರೋಜೊ ಅವರ ರೇಡಿಯೊ ಸ್ಪರ್ಧೆಯಲ್ಲಿ ಗೆದ್ದಿತು. 1941ರಲ್ಲಿ ಆರ್‌ಸಿಎ ವಿಕ್ಟರ್ ಎಂಬ ಪ್ಲೇಟು ಕಂಪನಿ ಗೊನ್ಜಾಗಾ ಅವರ ಮೊದಲ ಪ್ಲೇಟುಗಳನ್ನು ಮುದ್ರಿಸಿತು. ಅವರು ತೀರಿಕೊಂಡದ್ದು 1989ರ ಆಗಸ್ಟ್ 2ರಂದು. ಕೊನೆಗಾಲದಲ್ಲಿ ಆರ್‌ಸಿಎ ಹೊರತಂದ ‘50 ಆನೋಸ್ ಡಿ ಶಾಂವ್’ ಎಂಬ ಎಲ್‌ಪಿಗಳ (ಹೆಚ್ಚು ಹೊತ್ತು ನುಡಿಯುವ ಪ್ಲೇಟುಗಳ) ಪೆಟ್ಟಿಗೆ ಆಮೇಲೆ 3 ಸೀಡಿಗಳಾಗಿಯೂ ಬಂತು. ಅದಲ್ಲದೆ ಸಣ್ಣಪುಟ್ಟ ಸಂಕಲನಗಳಿಗೆ ಲೆಕ್ಕವಿಲ್ಲ. ಅರಗಿನ ಪ್ಲೇಟು, ಮೊನೊ ಎಲ್‌ಪಿ, ಸ್ಟೀರಿಯೊ, ಕ್ಯಾಸೆಟ್ ಎಲ್ಲವನ್ನೂ ಹಾದುಬಂದ ಕಂಠ ಅದು.

ಈಗ ವಾದ್ಯಗಳಿಗೆ ಬರೋಣ. 1950ರ ದಶಕದಲ್ಲಿ ಗೊನ್ಜಾಗಾ ಗಟ್ಟಿ ಮಾಡಿದ ಮೇಳದಲ್ಲಿ ಇರುವುದು ಮೂರೇ: ಸಾಂಫೋನಾ ಎಂದು ಅಲ್ಲಿಯವರು ಕರೆಯುವ ಅಕಾರ್ಡಿಯನ್, ಹೆಗಲಿಗೆ ನೇತುಹಾಕಿಕೊಳ್ಳುವ ಝಬುಂಬಾ ಡೋಲು, ಮೂರು ಮೂಲೆಗೆ ಬಾಗಿಸಿದ ಉಕ್ಕಿನ ಸರಳನ್ನು ಕಡ್ಡಿಯಿಂದ ಬಡಿಯುವ ಟ್ರಯಾಂಗಲ್. ಝಬುಂಬಾದ ಮೇಲ್ಚರ್ಮಕ್ಕೆ ಬಟ್ಟೆ ಸುತ್ತಿದ ದಪ್ಪ ಗುಣಿಯ ಪೆಟ್ಟು, ಕೆಳಚರ್ಮಕ್ಕೆ ತೆಳು ಕಡ್ಡಿಯ ಚಟೀರ್ ಪೆಟ್ಟು. ಟ್ರಯಾಂಗಲ್ಲನ್ನು ಎಡಗೈ ಬಿಗಿಹಿಡಿದಾಗ ಸದ್ದು ಸತ್ತು, ಬಿಟ್ಟಾಗ ಝಣ್ಣೆನ್ನುತ್ತದೆ. ಆ ಹಿಡಿತ-ಬಿಡಿತದಲ್ಲೇ ಬಯಾಂವ್ ಎಂಬ ಈಶಾನ್ಯ ಬ್ರೆಜಿಲ್‌ನ ಕುಣಿತದ ನಡೆ ಇದೆ.

ತೊಂದರೆ ಇಲ್ಲೇ. ಅರಗಿನ ಪ್ಲೇಟಿನ ‘ಸರ್’ ಸದ್ದು ಕಿವಿಗೆ ಚುಚ್ಚುವುದು ಎತ್ತರದ ಕಂಪನಗಳಲ್ಲಿ, ಸುಮಾರು 5,000 ಹರ್ಟ್ಜ್‌ನಿಂದ (ಸೆಕೆಂಡಿಗೆ ಅಷ್ಟು ಕಂಪನ) ಮೇಲೆ. ಟ್ರಯಾಂಗಲ್‌ನ ಝೇಂಕಾರವೂ ಅಲ್ಲೇ ವಾಸ. ತಿರುಗುವ ಯಂತ್ರದ ಗೊರಗೊರ 100 ಹರ್ಟ್ಜ್‌ಗಿಂತ ಕೆಳಗೆ; ಝಬುಂಬಾದ ಗುಮ್ಮು ಕೂಡ ಆ ಸುತ್ತಲೇ. ಸಾಫ್ಟ್‌ವೇರ್‌ನ ಗುಂಡಿ ಒತ್ತಿ ಎರಡೂ ತುದಿ ಕತ್ತರಿಸಿದರೆ ನಡುವಿನ ಸಾಂಫೋನಾ ಮತ್ತು ಕಂಠ ನಿಚ್ಚಳವಾಗಿ ಉಳಿಯುತ್ತವೆ, ತಾಳ ಮಾತ್ರ ಹಾರಿಹೋಗಿರುತ್ತದೆ. ಕೇಳುವವರು ಪಾಪ, ಆಗಿನ ಕಾಲದ ಸಂಗೀತವೇ ಹೀಗೆ ಪೀಚು ಎಂದುಕೊಳ್ಳುತ್ತಾರೆ. ಚಟಪಟ ಸದ್ದು ತೆಗೆಯುವ ತಂತ್ರಾಂಶದ್ದು ಇನ್ನೊಂದು ಅವಾಂತರ. ಗೀರಿನ ‘ಚಟ್’ಗೂ ತೆಳು ಕಡ್ಡಿಯ ‘ಚಟ್’ಗೂ ಅದಕ್ಕೆ ಸರಿಯಾಗಿ ವ್ಯತ್ಯಾಸ ತಿಳಿಯದು, ಎರಡನ್ನೂ ಕಳೆಯೆಂದು ಕೀಳುತ್ತದೆ. ಇದಕ್ಕೆ ಅಡ್ಡದಾರಿಯಿಲ್ಲ. ಪೆಟ್ಟು ಪೆಟ್ಟಿಗೂ ಕಿವಿಗೊಟ್ಟು ಕೈಯಿಂದಲೇ ಮಾಡಬೇಕು. ಒಂದಿಷ್ಟು ‘ಸರ್’ ಉಳಿಯಲಿ ಬಿಡಿ, ಹಾಡು ಶುರುವಾದ ಅರೆಗಳಿಗೆಯಲ್ಲಿ ಕಿವಿ ಅದನ್ನು ಮರೆಯುತ್ತದೆ.

ವೇಗದ ವಿಷಯ ಅಷ್ಟು ಕಷ್ಟವಲ್ಲ. ಈ ಪ್ಲೇಟುಗಳನ್ನು ನಿಮಿಷಕ್ಕೆ 78 ಸುತ್ತಿನವು ಎಂದು ಕರೆದರೂ 60 ಹರ್ಟ್ಜ್ ವಿದ್ಯುತ್ ಇರುವಲ್ಲಿ 78.26 ಸುತ್ತು, 50 ಹರ್ಟ್ಜ್ ಇರುವಲ್ಲಿ 77.92 ಸುತ್ತು ರೂಢಿ. ಇಷ್ಟು ಅಂತರ ಕಿವಿಗೆ ಬೀಳುವುದೇ ಇಲ್ಲ. ಆದರೆ ಮುದ್ರಣದಲ್ಲೋ ಮರುಮುದ್ರಣದಲ್ಲೋ ವೇಗ ಶೇ 6ರಷ್ಟು ಏರಿಬಿಟ್ಟರೆ ಶ್ರುತಿ ಅರ್ಧ ಸ್ವರ ಮೇಲೇರಿ, ಗಂಡು ಕಂಠ ಹುಡುಗನದಾಗುತ್ತದೆ. ಗೊನ್ಜಾಗಾ ಪ್ಲೇಟುಗಳಲ್ಲಿ ನಮ್ಮನ್ನು ಕಾಯುವುದು ಅಕಾರ್ಡಿಯನ್. ಸ್ವರ ಹೊಮ್ಮಿಸುವ ಅದರ ಲೋಹದ ರೀಡುಗಳ ಶ್ರುತಿಯನ್ನು ಹಾಡಿನಿಂದ ಹಾಡಿಗೆ ಬದಲಿಸಲು ಬರುವುದಿಲ್ಲವಾದ್ದರಿಂದ, ಒಂದೇ ದಿನ ಮುದ್ರಿಸಿದ ಎರಡು ಹಾಡುಗಳ ಶ್ರುತಿ ತಾಳೆಯಾಗಲೇಬೇಕು. ನಮ್ಮ ಕಂಪನಿ ನಾಟಕದ ಪ್ಲೇಟುಗಳಲ್ಲಿ ಹಾರ್ಮೋನಿಯಂ ಮಾಡಿಕೊಡುವ ಉಪಕಾರವೂ ಇದೇ.

ಇನ್ನು ಯಾವ ಮುದ್ರಣ ಎಂಬ ಪ್ರಶ್ನೆ. ‘ಆಝಾ ಬ್ರಾಂಕಾ’ವನ್ನೇ ತೆಗೆದುಕೊಳ್ಳಿ. ಸೆಯಾರಾ ಮೂಲದ ವಕೀಲ ಉಂಬೆರ್ತು ತೆಯ್ಶೇರಾ ಜೊತೆ ಸೇರಿ, ಜನಪದರ ಬಾಯಲ್ಲಿದ್ದ ಧಾಟಿಯಿಂದ ಕಟ್ಟಿದ ಹಾಡು. ಬರಕ್ಕೆ ಬಿಳಿರೆಕ್ಕೆಯ ಪಾರಿವಾಳವೂ ನೆಲ ಬಿಟ್ಟು ಹೋಯಿತು, ನಾನೂ ಹೊರಟೆ, ಮಳೆ ಬಂದರೆ ತಿರುಗಿ ಬರುತ್ತೇನೆ ಎಂದು ಪ್ರಿಯತಮೆಗೆ ಮಾತು ಕೊಡುವವನ ಹಾಡು. 1947ರ ಮಾರ್ಚ್‌ನಲ್ಲಿ ಅದನ್ನು ಮುದ್ರಿಸುವಾಗ ಪಕ್ಕವಾದ್ಯದವರು ಕುರುಡರು ಭಿಕ್ಷೆ ಬೇಡುವ ಹಾಡಿನಂತಿದೆ ಎಂದು ಗೇಲಿ ಮಾಡಿದರಂತೆ. ಆ ಮುದ್ರಣ ನಿಧಾನ, ಅದರಲ್ಲಿ ಆಡಂಬರವಿಲ್ಲ. ಆಮೇಲೆ ಗೊನ್ಜಾಗಾ ಅದನ್ನು ಮತ್ತೆ ಮತ್ತೆ ಹಾಡಿ ಮುದ್ರಿಸಿದರು, ಒಂದೊಂದು ಬಾರಿಗೂ ಮೇಳ ದೊಡ್ಡದಾಯಿತು. ಹೊದಿಕೆಯ ಮೇಲೆ 1947 ಎಂದು ಅಚ್ಚುಹಾಕಿ ಒಳಗೆ ಸ್ಟೀರಿಯೊ ಕಾಲದ ಮುದ್ರಣ ತುಂಬಿದರೆ ಅದು ಶುದ್ಧ ಮೋಸ. ಹಳೆಯ ಮೊನೊ ಮುದ್ರಣಕ್ಕೆ ಕೃತಕ ಪ್ರತಿಧ್ವನಿ ಬೆರೆಸಿ ಅಗಲ ಮಾಡುವುದೂ ಅದೇ ಜಾತಿಯದು.

10 ಅಂಗುಲದ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದು ಮೂರು ನಿಮಿಷ, ಅದಕ್ಕಿಂತ ತುಸು ಹೆಚ್ಚು. ಗೊನ್ಜಾಗಾ ಅವರ ಹೆಸರುವಾಸಿ ಹಾಡುಗಳೆಲ್ಲ ಆ ಅಳತೆಗೆ ಹೊಲಿದವು. ಎಲ್‌ಪಿ ಬಂದ ಮೇಲೆ, 1964ರಲ್ಲಿ, ಅವರು ಸೆಯಾರಾದ ರೈತ ಕವಿ ಪತಾಚೀವಾ ದೊ ಅಸ್ಸರೆ ಅವರ ‘ಆ ತ್ರಿಸ್ತಿ ಪರ್ತಿದಾ’ ಎಂಬ ಕಥನಗೀತೆಯನ್ನು ಮುದ್ರಿಸಿದರು. ಸುಮಾರು ಒಂಬತ್ತು ನಿಮಿಷ. ಮಳೆಗಾಗಿ ತಿಂಗಳ ಮೇಲೆ ತಿಂಗಳು ಕಾದು, ಕತ್ತೆ ಕುದುರೆ ಮಾರಿ, ಲಾರಿ ಹತ್ತಿ ಸಾವೊ ಪೌಲೊಗೆ ಹೊರಡುವ ಕುಟುಂಬದ ಕಥೆ. ದಾರಿಯಲ್ಲಿ ಒಂದು ಮಗು ನಾಯಿಗೆ ಅನ್ನ ಹಾಕುವವರು ಯಾರು ಎಂದು ಅಳುತ್ತದೆ, ಇನ್ನೊಂದು ತನ್ನ ಗುಲಾಬಿ ಗಿಡಕ್ಕೆ. ನಗರದಲ್ಲಿ ಅಪ್ಪ ಸಾಲಕ್ಕೆ ಸಿಕ್ಕಿ ವಾಪಸು ಬರುವುದೇ ಇಲ್ಲ. ಇದೊಂದು ಹಾಡು ಸೀಡಿಯಲ್ಲಿ ಮೂರು ಹಿಟ್ ಹಾಡುಗಳ ಜಾಗ ತಿನ್ನುತ್ತದೆ, ಹಾಗಾಗಿ ಸಂಕಲನ ಮಾಡುವವರಿಗೆ ಮೊದಲು ಕತ್ತರಿ ಹಾಕಬೇಕೆನಿಸುವುದು ಇದಕ್ಕೇ. ನನ್ನ ಕೈಗೆ ಬಿಟ್ಟರೆ ಆ ಮೂರನ್ನು ಬಿಟ್ಟೇನು.

ಕತ್ತರಿಗೆ ಸಿಗುವ ಇನ್ನೊಂದು ಭಾಗ ಶುರುವಿನ ವರ್ಷಗಳು. 1941ರಿಂದ 1945ರವರೆಗೆ ಗೊನ್ಜಾಗಾ ಮುದ್ರಿಸಿದ್ದೆಲ್ಲ ಬರೀ ವಾದ್ಯ: ವಾಲ್ಟ್ಜ್, ಮಝೂರ್ಕಾ ಕುಣಿತದ ಧಾಟಿಗಳು, ಬ್ರೆಜಿಲ್‌ನದೇ ಆದ ಶೋರು. ಹಾಡಲು ಕಂಪನಿಯವರೇ ಬಿಟ್ಟಿರಲಿಲ್ಲ, ಕಂಠ ಒಗ್ಗುವುದಿಲ್ಲ ಎಂದು. 1945ರ ‘ದಾನ್ಸಾ ಮರಿಕೀನ್ಯಾ’ದಲ್ಲಿ ಮೊದಲ ಬಾರಿಗೆ ಬಾಯಿ ತೆರೆದರು. ಎಷ್ಟೋ ಸಂಕಲನಗಳು ನೇರ 1947ಕ್ಕೆ ಜಿಗಿದು, ಚರ್ಮದ ಟೋಪಿಯ ಹಾಡುಗಾರನೊಬ್ಬ ಹಳ್ಳಿಯಿಂದ ಹಾಗೇ ಇಳಿದುಬಂದ ಎಂಬಂತೆ ಕಥೆ ಹೇಳುತ್ತವೆ. ಬಂದರು ಪಟ್ಟಣದ ಬಾರಿನಲ್ಲಿ ಟ್ಯಾಂಗೊ ನುಡಿಸಿ ಪಳಗಿದ ಬೆರಳುಗಳು ಆ ಕಥೆಯಲ್ಲಿ ಎಲ್ಲೂ ಇಲ್ಲ. ‘ವೀರಾ ಇ ಮೇಶಿ’ಯ 1941ರ ಮುದ್ರಣವಿಲ್ಲದ ಗೊನ್ಜಾಗಾ ಸಂಕಲನವನ್ನು ನಾನಂತೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.