ಎಸ್ಪ್ರೆಸ್ಸೊ: ಸಮಯ ಹೇಳುವುದು ಪುಡಿಯ ಹದವನ್ನು

18 ಗ್ರಾಂ ಪುಡಿ, 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡು. ಮನೆಯಲ್ಲಿ ಎಸ್ಪ್ರೆಸ್ಸೊ ಮಾಡಹೊರಟವರಿಗೆ ಮೊದಲು ಸಿಗುವ ಲೆಕ್ಕ ಇದು. ಮೊದಲ ಎರಡನ್ನು ತಕ್ಕಡಿಯಲ್ಲಿಟ್ಟು ನಾವೇ ನಿಗದಿ ಮಾಡಬಹುದು. ಮೂರನೆಯದು ಹಾಗಲ್ಲ, ಅದು ಪುಡಿ ಕೊಡುವ ಉತ್ತರ. 15 ಸೆಕೆಂಡಿಗೇ 36 ಗ್ರಾಂ ಇಳಿಯಿತೆಂದು ಪಂಪನ್ನು ಇನ್ನೂ ಹತ್ತು ಸೆಕೆಂಡು ಓಡಿಸಿದರೆ ಗಡಿಯಾರ ಸರಿಹೋಗುತ್ತದೆ, ಕಾಫಿ ನೀರಾಗುತ್ತದೆ.

ಸುಮಾರು 9 ಬಾರ್ ಒತ್ತಡದ ಬಿಸಿನೀರು ಒತ್ತಿ ಕೂರಿಸಿದ ಪುಡಿಯ ಬಿಲ್ಲೆಯನ್ನು ದಾಟಬೇಕು. ಅದಕ್ಕಿರುವ ದಾರಿ ಕಣಗಳ ನಡುವಿನ ಸಂದುಗಳಷ್ಟೇ. ಇಂಥ ಪದರದಲ್ಲಿ ಹರಿವು ಸರಿಸುಮಾರು ಕಣದ ಗಾತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ: ಬೇರೆಲ್ಲ ಹಾಗೇ ಇದ್ದು ಕಣ ಅರ್ಧದಷ್ಟಾದರೆ ಹರಿವು ಕಾಲುಭಾಗಕ್ಕೆ ಇಳಿಯುತ್ತದೆ. ಗ್ರೈಂಡರಿನಲ್ಲಿ ಪುಡಿಯ ಹದ ಹೊಂದಿಸುವ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದರೂ ಕೆಲವು ಸೆಕೆಂಡು ಹೆಚ್ಚುಕಡಿಮೆ ಆಗುವುದು ಇದಕ್ಕೇ. ಜೊತೆಗೆ, ಪುಡಿ ಸಣ್ಣದಾದಷ್ಟೂ ನೀರಿಗೆ ಸಿಗುವ ಮೇಲ್ಮೈ ಹೆಚ್ಚು, ರುಚಿಯ ಅಂಶ ಬೇಗ ಕರಗುತ್ತದೆ.

ಹಾಗಾಗಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪುಡಿಯನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಗಂಟು ಬಿಡಿಸಿ ಸಮವಾಗಿ ಹರಡಿ, ಪುಡಿಯನ್ನು ಅದುಮಿ ಕೂರಿಸುವ ಟ್ಯಾಂಪರನ್ನು ಓರೆಯಾಗದಂತೆ ಒತ್ತಿ. ಪಂಪ್ ಶುರುವಾದ ಕ್ಷಣದಿಂದ ಸೆಕೆಂಡು ಎಣಿಸಿ. ಬೇಗ ಸುರಿದು ಹುಳಿಯಾಗಿ, ತೆಳ್ಳಗೆ ಇದ್ದರೆ ಪುಡಿಯನ್ನು ಇನ್ನೂ ನುಣ್ಣಗೆ ಮಾಡಿ. ತೊಟ್ಟಿಕ್ಕುತ್ತ 40 ಸೆಕೆಂಡು ದಾಟಿ, ಕಹಿಯಾಗಿ ನಾಲಿಗೆ ಒಗರಾದರೆ ತುಸು ತರಿಯಾಗಿಸಿ. ವಿದ್ಯುತ್ ಗ್ರೈಂಡರನ್ನು ನುಣುಪಿನ ಕಡೆಗೆ ತಿರುಗಿಸುವಾಗ ಮೋಟಾರು ಓಡುತ್ತಿರಲಿ, ಇಲ್ಲವಾದರೆ ಬೀಜ ಅರೆಯುವ ಹಲ್ಲುಚಕ್ರಗಳಾದ ಬರ್‌ಗಳ ನಡುವೆ ಸಿಕ್ಕಿದ ಬೀಜ ಅಡ್ಡ ನಿಲ್ಲುತ್ತದೆ.

ಬಹಳ ಜನ ಎಡವುವುದು ಇದಾದ ಮೇಲೆ. ಬರ್‌ಗಳ ಸುತ್ತ, ಪುಡಿ ಬೀಳುವ ಕೊಳವೆಯಲ್ಲಿ ಹಳೆಯ ಹದದ ಪುಡಿ ಉಳಿದಿರುತ್ತದೆ. ಕೆಲವು ಗ್ರಾಂ ಅರೆದು ಚೆಲ್ಲದೆ ಹೊಸ ಶಾಟ್ (ಒಂದು ಸಲದ ಎಸ್ಪ್ರೆಸ್ಸೊ) ಎಳೆದರೆ ಅಳೆದದ್ದು ಹಳೆಯದೂ ಹೊಸದೂ ಬೆರೆತ ಪುಡಿಯನ್ನು. ಅದನ್ನು ನಂಬಿ ಮತ್ತೆ ಉಂಗುರ ತಿರುಗಿಸಿದರೆ ಹದ ಗುರಿ ದಾಟಿ ಆಚೆ ಹೋಗಿರುತ್ತದೆ.

ಇನ್ನೊಂದು ಮೋಸವಿದೆ. ಪುಡಿ ನುಣ್ಣಗಾದರೂ ಸಮಯ ಕಡಿಮೆಯಾಗುವುದುಂಟು. ತೀರ ನುಣುಪಾದ ಬಿಲ್ಲೆಯನ್ನು ಸಮವಾಗಿ ದಾಟಲಾಗದೆ ನೀರು ದುರ್ಬಲ ಜಾಗವೊಂದನ್ನು ಕೊರೆದು ಅಲ್ಲಿಂದಲೇ ನುಗ್ಗುತ್ತದೆ. ತಳವಿಲ್ಲದ ಪೋರ್ಟಾಫಿಲ್ಟರ್ (ಪುಡಿಯ ಬುಟ್ಟಿ ಕೂರುವ ಹಿಡಿಕೆ) ಇದ್ದರೆ ಕಣ್ಣಿಗೇ ಕಾಣುತ್ತದೆ. ಒಳ್ಳೆಯ ಶಾಟಿನಲ್ಲಿ ಮೊದಲ ಕೆಲವು ಸೆಕೆಂಡು ಹನಿಯೂ ಇಲ್ಲ, ಆಮೇಲೆ ಬುಟ್ಟಿಯ ತಳದ ತುಂಬ ಕಡುಕಂದು ಹನಿಗಳು ಮೂಡಿ, ನಡುವೆ ಕೂಡಿಕೊಂಡು ಜೇನಿನೆಳೆಯಂತೆ ಇಳಿಯುತ್ತವೆ. ಕೆಟ್ಟದ್ದರಲ್ಲಿ ಒಂದು ಮೂಲೆಯಿಂದ ಪಿಚಕಾರಿಯಂತೆ ಚಿಮ್ಮುತ್ತದೆ, ಮತ್ತೊಂದು ಬದಿ ಒಣಗಿಯೇ ಇರುತ್ತದೆ. ಹುಳಿ, ಕಹಿ ಎರಡೂ ಒಂದೇ ಲೋಟದಲ್ಲಿ. ಇಲ್ಲಿ ಇನ್ನಷ್ಟು ನುಣ್ಣಗೆ ಮಾಡುವುದು ಶುದ್ಧ ತಪ್ಪು. ಪುಡಿ ಹರಡುವುದನ್ನು ಸರಿಮಾಡಿ, ಆಗಲೂ ಚಿಮ್ಮಿದರೆ ಒಂದು ಮೆಟ್ಟಿಲು ತರಿಗೆ ಬನ್ನಿ. ರುಚಿ ಹಿಡಿಸಿದರೆ 33 ಸೆಕೆಂಡಾದರೂ ಅದೇ ನಿಮ್ಮ ಹದ.

ಈ ಹದವೂ ಕಾಯಂ ಅಲ್ಲ. ಹುರಿದ ಬೀಜದಿಂದ ಇಂಗಾಲದ ಡೈಆಕ್ಸೈಡ್ ದಿನದಿನಕ್ಕೂ ಸೋರಿಹೋಗುತ್ತದೆ, ಹಳೆಯ ಬೀಜದ ಬಿಲ್ಲೆ ನೀರನ್ನು ಅಷ್ಟು ತಡೆಯುವುದಿಲ್ಲ. ಹೋದ ವಾರ 28 ಸೆಕೆಂಡು ಹಿಡಿದದ್ದು ಈ ವಾರ 23ಕ್ಕೇ ಮುಗಿದರೆ ಯಂತ್ರವನ್ನು ದೂರಬೇಡಿ, ಉಂಗುರವನ್ನು ಒಂಚೂರು ನುಣುಪಿಗೆ ಸರಿಸಿ. ಹೊಸ ಪೊಟ್ಟಣ ಒಡೆದ ದಿನ ಮತ್ತೆ ತರಿಯ ಕಡೆಯಿಂದಲೇ ಶುರುಮಾಡಿ.